ಸೊನ್ನೆಯಿಂದ ಫ್ರೆಂಚ್: ಬಿಡಲಾ, ಮುಂದುವರಿಸಲಾ?

ವಿಜಯಪುರದ_ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಪುಣೆಯಲ್ಲಿ ಬಿ.ಎ. ಮೊದಲ ವರ್ಷ. ಹತ್ತನೇ ಕ್ಲಾಸಿನವರೆಗೆ ಊರಲ್ಲೇ ಕನ್ನಡ ಮೀಡಿಯಂ. ಅಪ್ಪನಿಗೆ ಚಿಂಚ್‌ವಡದಲ್ಲಿ ಕೆಲಸ ಸಿಕ್ಕಿತು ಅಂತ ಇಲ್ಲಿಗೆ ಬಂದೆವು. ಎರಡನೇ ಭಾಷೆಯಾಗಿ ಫ್ರೆಂಚ್ ತಗೊಂಡೆ. ಏನೂ ಬರದವರಿಗೇ ಈ ಕ್ಲಾಸು ಅಂದಿದ್ದರು. ಹೋಗಿ ನೋಡಿದರೆ 30 ಜನರಲ್ಲಿ 25 ಜನ ಆಗಲೇ ಜೂನಿಯರ್ ಕಾಲೇಜಿನಲ್ಲಿ ಓದಿ ಬಂದವರು. ಮಾರ್ಕ್ಸ್ ಜಾಸ್ತಿ ಬೀಳುತ್ತೆ ಅಂತ ತಗೊಂಡಿದ್ದರಂತೆ. ಮೊದಲ ದಿನ ಮೇಡಂ 'ಸಾ ವಾ?' ಅಂದರು, 'ಹೇಗಿದ್ದೀರಿ?' ಅಂತ ಅಂತೆ. ಎಲ್ಲರೂ ಒಟ್ಟಿಗೆ ಏನೋ ಉತ್ತರ ಕೊಟ್ಟರು. ನಾನು ಪಕ್ಕದವಳ ಬಾಯಿ ನೋಡುತ್ತಾ ಕೂತೆ.

ಮೊನ್ನೆ ಬೋರ್ಡ್ ಮೇಲಿದ್ದ ಒಂದು ಶಬ್ದ ಓದಲು ಹೇಳಿದರು. ಎಂಟು ಅಕ್ಷರ. ನಾನು ಒಂದನ್ನೂ ಬಿಡದೆ 'ಬಿಯಾವುಕೌಪ್' ಅಂದೆ. ಅದು ಬರೀ 'ಬೋಕು' ಅಂತೆ, 'ತುಂಬಾ' ಅಂತ ಅರ್ಥ. ಹಿಂದಿನ ಬೆಂಚಿನವರು ಇವತ್ತಿಗೂ ನನ್ನನ್ನು ಕೌಪ್ ಅಂತಲೇ ಕರೆಯುತ್ತಾರೆ.

ಮರೆತುಹೋಗಬಾರದು ಅಂತ ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೇನೆ. ವಿಷಯ ಬದಲಿಸಲು ಇನ್ನು ಒಂದೇ ವಾರ ಇದೆ. ಹಿಂದಿಗೆ ಹೋಗಿಬಿಡಲಾ?

ಹಡಪ್ಸರ್_ಗೌಡ:
ಹಿಂದಿ ತಗೋಮ್ಮ, ಆರಾಮಾಗಿರು. ಫ್ರೆಂಚ್ ಕಲಿತು ಇಲ್ಲಿ ಯಾರ ಹತ್ತಿರ ಮಾತಾಡ್ತೀಯಾ, ರಿಕ್ಷಾದವರ ಹತ್ತಿರಾನಾ?

ಕೋಥ್ರೂಡ್_ಅಕ್ಕ:
ಗೌಡರೇ, ಆ ಭಾಷೆಯಿಂದಲೇ ಹದಿಮೂರು ವರ್ಷದಿಂದ ನನ್ನ ಮನೆ ನಡೆಯುತ್ತಿದೆ. ಇಲ್ಲೇ ಹಿಂಜವಡಿಯ ಆಫೀಸಿನಲ್ಲಿ ಕೂತು ಫ್ರಾನ್ಸಿನವರ ಬಿಲ್ಲು, ದೂರು ಎಲ್ಲಾ ನೋಡೋದು ನಾನೇ.

ತಂಗೀ, ಬಿಡಬೇಡ. ನಾನು ಧಾರವಾಡದವಳು. 2009ರಲ್ಲಿ ಫರ್ಗ್ಯುಸನ್ ಕಾಲೇಜ್ ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ಸೊನ್ನೆಯಿಂದ ಶುರು ಮಾಡಿದೆ. ನಿನ್ನ ಹಾಗೇ ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಪರೀಕ್ಷೆಯ ಹಿಂದಿನ ರಾತ್ರಿ ನೋಟ್‌ಬುಕ್ ತೆರೆದರೆ ಒಂದೇ ಪುಟದಲ್ಲಿ ಮೂರು ಕಡೆ 'ವಾಂ'. ಒಂದು ಇಪ್ಪತ್ತು, ಒಂದು ವೈನು, ಒಂದು ಗಾಳಿ. ಇಪ್ಪತ್ತು ಮತ್ತು ವೈನು ಅವರಿಗೂ ಕಿವಿಗೆ ಒಂದೇ, ಸರಿ. ಆದರೆ ಗಾಳಿ ಬೇರೆ. ಅದಕ್ಕೆ ಬಾಯಿ ಜಾಸ್ತಿ ತೆರೀಬೇಕು. ನಮ್ಮ ಲಿಪಿಯಲ್ಲಿ ಆ ವ್ಯತ್ಯಾಸ ಕಾಣೋದೇ ಇಲ್ಲ. ಅವತ್ತೇ ಆ ನೋಟ್‌ಬುಕ್ ರದ್ದಿಗೆ ಹಾಕಿದೆ. ನೀನೂ ಹಾಕು. ಅವರ ಸ್ಪೆಲ್ಲಿಂಗನ್ನೇ ಬರಿ, ಉಚ್ಚಾರವನ್ನು ಕೇಳಿ ಕೇಳಿ ಕಲಿ.

ಕನ್ನಡ ಮೀಡಿಯಂ ಅಂತ ಬೇಜಾರು ಬೇಡ. ಸಂಧಿ ಓದಿದ್ದೀಯಲ್ಲ? ಊರು + ಊರು ಊರೂರು ಆಗುವಾಗ ಒಂದು ಉಕಾರ ಹೋಗುತ್ತೆ, ಲೋಪಸಂಧಿ. ಅವರದೂ ಅದೇ ಕಥೆ. 'ಲೆ' (ಇಂಗ್ಲಿಷಿನ 'ದ' ಇದ್ದ ಹಾಗೆ) + 'ಅಮಿ', ಅಂದರೆ ಗೆಳೆಯ, 'ಲಮಿ' ಆಗುತ್ತೆ. ಮನೆ + ಅಲ್ಲಿ ಅಂದಾಗ ನಡುವೆ ಯಕಾರ ಬಂದು ಕೂರುತ್ತಲ್ಲ? ಫ್ರೆಂಚಿನಲ್ಲಿ ಪ್ರಶ್ನೆ ಕೇಳುವಾಗ 'ಅ' (ಇದೆ) + 'ಇಲ್' (ಅವನು) ನಡುವೆ ತಕಾರ ಬಂದು 'ಅತಿಲ್' ಆಗುತ್ತೆ. ಇದನ್ನು ಹೇಳಿದಾಗ ನಮ್ಮ ಸರ್ ಬೋರ್ಡ್ ಕಡೆಯಿಂದ ತಿರುಗಿ ಇನ್ನೊಂದ್ಸಲ ಹೇಳು ಅಂದಿದ್ದರು. ನಮಗೆ ಹೊಸದು ಇನ್ನೊಂದಿದೆ. 'ಲೆ'ಯ ಬಹುವಚನ 'ಲೇ', ಅದರ ಸ್ಪೆಲ್ಲಿಂಗಿನ ಕೊನೆಯಲ್ಲಿ ಒಂದು 'ಎಸ್' ಸುಮ್ನೆ ಮಲಗಿರುತ್ತೆ. ಮುಂದೆ ಸ್ವರ ಬಂದ ಕೂಡಲೇ ಎದ್ದು 'ಜ಼' ಆಗುತ್ತೆ: 'ಲೇಜ಼ಮಿ', ಗೆಳೆಯರು. ಅದನ್ನು ಮಾತ್ರ ಬಾಯಿಪಾಠ ಮಾಡಬೇಕು.

ಲಿಂಗದ ಗೋಳು ನಿಜ. ನಮಗೆ ಕುರ್ಚಿ, ಪುಸ್ತಕ, ಫ್ಯಾನು ಎಲ್ಲಾ 'ಅದು'. ಮರಾಠಿಯವರಿಗೆ ಖುರ್ಚಿ 'ತೀ' (ಅವಳು), ಪಂಖಾ, ಅಂದರೆ ಫ್ಯಾನು, 'ತೋ' (ಅವನು), ಪುಸ್ತಕ 'ತೇ' (ಅದು). ಫ್ರೆಂಚ್‌ನಲ್ಲಿ ಎರಡೇ ಲಿಂಗ. ಕುರ್ಚಿ ಹೆಣ್ಣು, ಪುಸ್ತಕ ಗಂಡು. ಯಾಕೆ ಅಂತ ಕೇಳಬೇಡ. ಶಬ್ದವನ್ನು ಒಂಟಿಯಾಗಿ ಕಲೀಬೇಡ, 'ಯುನ್ ಶೇಜ಼್', 'ಅಂ ಲಿವ್ರ್' ಅಂತ ಜೋಡಿಯಾಗೇ ಬಾಯಿಗೆ ಹತ್ತಲಿ.

ಮುಂದಿನ ತಿಂಗಳು ಅಂಕಿ ಬರುತ್ತೆ. 97 ಅನ್ನಲು ಅವರು ನಾಲ್ಕು ಇಪ್ಪತ್ತು ಹತ್ತು ಏಳು ಅಂತಾರೆ. 75 ಅಂದರೆ ಅರವತ್ತು ಹದಿನೈದು, 'ಸ್ವಾಸಾಂತ್ ಕ್ಯಾಂಜ಼್'. ಬೆಲ್ಜಿಯಂ, ಸ್ವಿಟ್ಜರ್‌ಲ್ಯಾಂಡಿನವರು ಬುದ್ಧಿವಂತರು, ತೊಂಬತ್ತಕ್ಕೆ ಸೀದಾ 'ನೊನಾಂತ್' ಅಂತಾರೆ. ಆದರೆ ಮಂಡಈಯಲ್ಲಿ, ಅಂದರೆ ತರಕಾರಿ ಮಾರ್ಕೆಟ್ಟಿನಲ್ಲಿ, ಮರಾಠಿಯ 'ಪಂಚ್ಯಾಹತ್ತರ್' (75), 'ಸತ್ತ್ಯಾಣ್ಣವ್' (97) ಕೇಳಿ ಸರಿಯಾಗಿ ದುಡ್ಡು ಎಣಿಸಿ ಕೊಟ್ಟವಳಿಗೆ ಇದೇನು ಮಹಾ?

ಕಾರವಾರಿ_ಪಣಜಿ:
ಅಕ್ಕ ಹೇಳಿದ ಆ 'ವಾಂ' ಇದೆಯಲ್ಲ, ನಮ್ಮ ಕೊಂಕಣಿಯವರಿಗೆ ಕಷ್ಟವೇ ಅಲ್ಲ. 'ಹಾಂವ್', 'ತೂಂ' ಅಂತ ದಿನವಿಡೀ ಮೂಗಲ್ಲೇ ಮಾತಾಡ್ತೀವಿ. ನಾನು ಒದ್ದಾಡಿದ್ದು 'ತ್ಯು' ಅನ್ನೋದಕ್ಕೆ, ಅಂದರೆ 'ನೀನು'. ಕನ್ನಡಿ ಮುಂದೆ ನಿಂತು 'ಈ' ಅಂತ ಎಳಿ. ನಾಲಿಗೆ ಅಲ್ಲೇ ಇರಲಿ, ತುಟಿ ಮಾತ್ರ 'ಊ' ಅನ್ನೋ ಹಾಗೆ ಗುಂಡಗೆ ಮಾಡು. ಬಂತಲ್ಲ, ಅದೇ. ತುಟಿಯ ಜೊತೆ ನಾಲಿಗೆಯೂ ಹಿಂದೆ ಸರಿದರೆ 'ತು' ಆಗಿ ಅರ್ಥವೇ ಬದಲಾಗುತ್ತೆ: 'ಎಲ್ಲಾ'. ನನ್ನ ರೂಮ್‌ಮೇಟು ನನಗೆ ತಲೆ ಕೆಟ್ಟಿದೆ ಅಂತಲೇ ತಿಳಿದಿದ್ದ.

ವಿಜಯಪುರದ_ಹುಡುಗಿ:
ಅಕ್ಕಾ, ಫ್ರೆಂಚ್ ಎಷ್ಟು ಬರುತ್ತೆ ಅಂತ ಮೆಟ್ಟಿಲು ಮೆಟ್ಟಿಲಾಗಿ ಅಳೆಯುವ ಡೆಲ್ಫ್ ಪರೀಕ್ಷೆ ಬರಿ ಅಂತ ಕೆಲವರು ಹೇಳ್ತಾರೆ. ಈಗಲೇ ಬೇಕಾ?

ಕೋಥ್ರೂಡ್_ಅಕ್ಕ:
ಮೊದಲು ಎರಡು ಸೆಮಿಸ್ಟರ್ ಕಳೀಲಿ. ಎ1 ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಕೇಳೋದು, ಓದೋದು, ಬರೆಯೋದು, ಮಾತಾಡೋದು, ತಲಾ 25 ಅಂಕ. 100ಕ್ಕೆ 50 ಬಂದರೆ ಪಾಸ್, ಆದರೆ ಒಂದೊಂದರಲ್ಲೂ ಕನಿಷ್ಠ 5 ಬರಲೇಬೇಕು. ಸರ್ಟಿಫಿಕೇಟಿಗೆ ಎಕ್ಸ್‌ಪೈರಿ ಇಲ್ಲ, ಆತುರ ಯಾಕೆ?

ಇನ್ನೊಂದು. ನಾಳೆಯಿಂದ ಮೊದಲ ಬೆಂಚಿನಲ್ಲಿ ಕೂರು. ನಗುವವರು ಬೆನ್ನ ಹಿಂದೆ ಇರಲಿ, ಮೇಡಂ ಬಾಯಿ ಎದುರಿಗಿರಲಿ.

ವಿಜಯಪುರದ_ಹುಡುಗಿ:
ಹಿಂದಿಗೆ ಹೋಗಲಿಲ್ಲ, ಅಕ್ಕಾ. ಹೊಸ ನೋಟ್‌ಬುಕ್ ತಂದೆ. ಎಷ್ಟಾಯಿತು ಅಂತ ಅಪ್ಪ ಕೇಳಿದರು. 'ಸ್ವಾಸಾಂತ್ ಕ್ಯಾಂಜ಼್' ಅಂದೆ. 'ಅದೆಷ್ಟೋ ಇರಲಿ, ನೂರು ಕೊಟ್ಟಿದ್ದೆ, ಚಿಲ್ಲರೆ ತಾ' ಅಂದರು.