ಅಪ್‌ಡೇಟ್: ಗ್ಯಾರೇಜ್ ಬಾಗಿಲಿಗೆ ಬೆಲ್ಟ್ ಮೋಟಾರ್ ಹಾಕಿಸಿದೆವು

ಕಾರವಾರದಲ್ಲಿ ಕಡಲಿಗೆ ಹತ್ತಿರವಿರುವ ನಮ್ಮ ಮನೆಯ ಗ್ಯಾರೇಜ್ ಬಾಗಿಲನ್ನು ಎತ್ತಿ ಇಳಿಸಲು ಚೈನಿನಿಂದ ಎಳೆಯುವ ಮೋಟಾರ್ ಒಳ್ಳೆಯದೋ ಬೆಲ್ಟಿನಿಂದ ಎಳೆಯುವುದೋ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಬೆಲ್ಟಿನದ್ದೇ ತೆಗೆದುಕೊಂಡೆವು. ಉಪ್ಪುಗಾಳಿಗೆ ಚೈನ್ ತುಕ್ಕು ಹಿಡಿಯುತ್ತದೆ, ರಬ್ಬರ್ ಬೆಲ್ಟಿಗೆ ಆ ಕಾಟ ಇಲ್ಲ. ಸದ್ದೂ ಕಡಿಮೆ. ಆದರೆ ಬೆಲ್ಟ್ ಒಂದೇ ಸಾಲದು. ಬಾಗಿಲಿನ ಭಾರ ಹೊರುವ ಸ್ಪ್ರಿಂಗು, ಬೋಲ್ಟು ಎಲ್ಲ ಲೋಹವೇ ಅಲ್ವಾ? ಬೋಲ್ಟುಗಳನ್ನು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿಸಿದೆವು. ಅದರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುತ್ತದೆ, ಹಾಗಾಗಿ ಮಾಮೂಲಿ 304 ದರ್ಜೆಯ ಸ್ಟೀಲಿಗಿಂತ ಚೆನ್ನಾಗಿ ಉಪ್ಪನ್ನು ತಾಳಿಕೊಳ್ಳುತ್ತದೆ.

ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋಗುವುದು ಮಾಮೂಲು. ಬ್ಯಾಟರಿ ಬ್ಯಾಕಪ್ ಬೇಕೇ ಬೇಕು. ಅದೂ ಮುಗಿದರೆ, ಮುಚ್ಚಿದ ಬಾಗಿಲನ್ನು ಮೋಟಾರಿನಿಂದ ಬಿಡಿಸುವ ಕೆಂಪು ಹಗ್ಗ ಎಳೆದು ಕೈಯಿಂದಲೇ ಎತ್ತಬಹುದು. ಅಮ್ಮನಿಗೂ ತೋರಿಸಿಕೊಟ್ಟಿದ್ದೇನೆ. ಸ್ಪ್ರಿಂಗ್ ಕೆಲಸಕ್ಕೆ ಮಾತ್ರ ನೀವೇ ಕೈ ಹಾಕಬೇಡಿ. ಅದರ ಬಿಗಿತ ತುಂಬಾ ಜಾಸ್ತಿ, ಅಪಾಯ.