ಕಂಟೆಂಪರರಿ ಡ್ಯಾನ್ಸ್‌ನಲ್ಲಿ ಭಾವ ಎಲ್ಲಿರುತ್ತದೆ?

ತಟ್ಟಡವು:
ನಿನ್ನೆ ಸಂಜೆ ಒಂದು ಕಂಟೆಂಪರರಿ ಡ್ಯಾನ್ಸ್ ನೋಡಿದೆ. ಭಾವನೆ, ಗುರುತು ಇವುಗಳ ಹುಡುಕಾಟ ಅಂತ ಕರಪತ್ರದಲ್ಲಿ ಇತ್ತು. ನಾನು ಭರತನಾಟ್ಯ ಕಲಿತವಳು. ನಮ್ಮಲ್ಲಿ ಅಳು ಅಂದರೆ ಕಣ್ಣು, ಹುಬ್ಬು, ತುಟಿ ಎಲ್ಲವೂ ಅಳಬೇಕು. ಇಲ್ಲಿ ಮುಖ ಪೂರ್ತಿ ಖಾಲಿ. ಒಬ್ಬಳು ನಮಗೆ ಬೆನ್ನು ಹಾಕಿ ನಿಂತು ಭುಜ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ಎಲ್ಲರೂ ಒಬ್ಬರ ಅಂಗಿ ಇನ್ನೊಬ್ಬರು ಹಾಕಿಕೊಂಡರು. ಪಕ್ಕದವರು ಕಣ್ಣೊರೆಸಿಕೊಳ್ಳುತ್ತಿದ್ದರು, ನಾನು ಸುಮ್ನೆ ಕೂತಿದ್ದೆ. ಏನನ್ನು ನೋಡಬೇಕಿತ್ತು?

ಹಿಂದಿನಸಾಲು:
ಬೆನ್ನು! ಮುಖ ಮಾತಾಡಿದರೆ ನಾವು ಮೈಯತ್ತ ನೋಡುವುದೇ ಇಲ್ಲ, ಅಲ್ವಾ? ಅಮೆರಿಕದ ನೃತ್ಯಗಾರ್ತಿ ಮಾರ್ತಾ ಗ್ರಹಾಂ 1930ರಲ್ಲೇ ‘ಲ್ಯಾಮೆಂಟೇಶನ್’ (ಅಂದರೆ ಗೋಳಾಟ) ಮಾಡಿದರು. ಬೆಂಚಿನ ಮೇಲೆ ಕೂತೇ ಆಡುವ ನೃತ್ಯ. ಮೈಯೆಲ್ಲ ಹಿಗ್ಗುವ ಬಟ್ಟೆಯೊಳಗೆ. ಮುಖ, ಕೈ, ಪಾದ ಮಾತ್ರ ಹೊರಗೆ. ಒಳಗಿಂದ ಮೊಣಕೈ ಒತ್ತಿದರೆ ಬಟ್ಟೆ ಬಿಗಿದು ಓರೆ ಗೆರೆಗಳು ಏಳುತ್ತವೆ. ಸಂಕಟ ಇರುವುದು ಆ ಎಳೆತದಲ್ಲಿ.

ಇನ್ನು ಆ ಭುಜ ಮತ್ತೆ ಮತ್ತೆ ಎತ್ತಿದ ವಿಷಯ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ ಅವರ ‘ಕಫೆ ಮ್ಯುಲರ್’ ನೃತ್ಯದಲ್ಲಿ (1978) ಒಂದು ಜೋಡಿ ತಬ್ಬಿ ನಿಂತಿರುತ್ತದೆ. ಮೂರನೆಯವನು ಬಂದು ಅವರ ಕೈ ಬಿಡಿಸಿ, ಅವಳನ್ನು ಅವಳ ಜೊತೆಗಾರನ ತೋಳಿನ ಮೇಲೆ ಮಲಗಿಸಿ ಹೋಗುತ್ತಾನೆ. ಜೊತೆಗಾರನ ತೋಳು ಇಳಿಯುತ್ತದೆ. ಅವಳು ಧೊಪ್ಪನೆ ಬೀಳುತ್ತಾಳೆ, ತಟ್ಟನೆ ಎದ್ದು ಮತ್ತೆ ತಬ್ಬುತ್ತಾಳೆ. ಮತ್ತೆ ಅದೇ. ಬರಬರುತ್ತಾ ಜೋರಾಗಿ. ಕೊನೆಗೆ ಮೂರನೆಯವನು ಬೇಕಾಗುವುದೇ ಇಲ್ಲ, ಇವರೇ ಮಾಡಿಕೊಳ್ಳುತ್ತಾರೆ! ಶುರುವಿನಲ್ಲಿ ನಗು ಬರುತ್ತದೆ. ಆಮೇಲೆ ಬರುವುದಿಲ್ಲ. ನಿಮ್ಮ ಹುಡುಗಿಯ ಭುಜ ಕೊನೆಕೊನೆಗೆ ಬದಲಾಯಿತಾ?

ಮೂಗುಮುರುಕ:
ಎಲ್ಲದಕ್ಕೂ ಪೀನಾ ಬೌಶ್ ಕರೆತರಬೇಡಿ ಮಾರಾಯ್ರೇ. ಒಮ್ಮೊಮ್ಮೆ ಅಲ್ಲಿ ಏನೂ ಇರುವುದಿಲ್ಲ. ಅಂಗಿ ಬದಲಾಯಿಸಿದರೆ ಗುರುತು ಬದಲಾಯಿತು ಅನ್ನೋದು ಸವೆದುಹೋದ ಐಡಿಯಾ. ಕರಪತ್ರ ಕಿತ್ತುಕೊಂಡರೆ ಅರ್ಧ ಪ್ರದರ್ಶನ ಮಾಯ.

ಹಿಂದಿನಸಾಲು:
ಅಂಗಿಯ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಆದರೂ ಇನ್ನೊಂದು ಸಲ ಪೀನಾ, ಬೈಬೇಡಿ. ‘ಕೊಂಟಾಕ್ಟ್‌ಹೋಫ್’ ಅನ್ನುವ ನೃತ್ಯ ಅವರು 1978ರಲ್ಲಿ ತಮ್ಮ ತಂಡಕ್ಕೆ ಮಾಡಿದ್ದು. 2000ದಲ್ಲಿ ಅದನ್ನೇ 65 ದಾಟಿದವರಿಂದ ಮಾಡಿಸಿದರು, 2008ರಲ್ಲಿ ಹದಿಹರೆಯದವರಿಂದ. ಈ ಎರಡರಲ್ಲೂ ಯಾರೂ ವೃತ್ತಿಯ ನೃತ್ಯಗಾರರಲ್ಲ. ಅದರಲ್ಲಿ ಎಲ್ಲರೂ ಮುಂದೆ ಬಂದು, ಸಂತೆಯಲ್ಲಿ ದನ ತೋರಿಸುವ ಹಾಗೆ, ತಮ್ಮ ಹಲ್ಲು, ಕೈ ತೋರಿಸುತ್ತಾರೆ. ಹುಡುಗಿ ತೋರಿಸಿದರೆ ‘ನಾನು ಸರಿಯಿದ್ದೇನಾ’ ಅಂತ ಕೇಳಿದ ಹಾಗೆ. ಅಜ್ಜಿ ತೋರಿಸಿದರೆ ‘ಇಷ್ಟೇ ಉಳಿದಿರೋದು, ಬೇಕಾದರೆ ನೋಡಿ’ ಅಂದ ಹಾಗೆ. ಮಾಡುವುದು ಅದೇ, ಮೈ ಬೇರೆ. ಗುರುತು ಅಂದರೆ ನನಗೆ ಅದು.

ತಟ್ಟಡವು:
ಭುಜ ಬದಲಾಯಿತು! ಕೊನೆಗೆ ಎಡಗಡೆಯದು ಇಳಿಯಲೇ ಇಲ್ಲ. ಸುಸ್ತಾಗಿದೆ ಪಾಪ ಅಂದುಕೊಂಡಿದ್ದೆ. ಬೇಕಂತಲೇ ಮಾಡಿದ್ದಾ?

ಮೂಗುಮುರುಕ:
ಸುಸ್ತೇ ಇರಬಹುದು.

ಹಿಂದಿನಸಾಲು:
ಇರಲಿ ಬಿಡಿ, ಸುಸ್ತಾಗುವ ತನಕ ಎತ್ತಿಸಿದ್ದೂ ನೃತ್ಯ ಕಟ್ಟಿದವರೇ ತಾನೇ?

ತಟ್ಟಡವು:
‘ಕೊಂಟಾಕ್ಟ್‌ಹೋಫ್’ ಯಾರದ್ದು ಮೊದಲು ನೋಡಲಿ?

ಹಿಂದಿನಸಾಲು:
ಹಿರಿಯರದ್ದು. ಮಕ್ಕಳದ್ದು ಮೊದಲು ನೋಡಿದರೆ ಮುದ್ದಾಗಿದೆ ಅಂದುಕೊಂಡು ಅಲ್ಲಿಗೇ ನಿಲ್ಲಿಸಿಬಿಡುತ್ತೀರಿ.