ನಂದಿ ಬೆಟ್ಟದ ತಿರುವಿಗೆ ಅಂಬಾಸಿಡರೋ, ಪದ್ಮಿನಿಯೋ?

ಪುಟ್ಟೀ, ಉತ್ತರ ಸ್ವಲ್ಪ ಉದ್ದವಾಗುತ್ತದೆ, ಸಾವಧಾನವಾಗಿ ಕೇಳು. ಭಾವನವರೂ ಕೇಳಿಸಿಕೊಳ್ಳಲಿ. ಚಿಕ್ಕಬಳ್ಳಾಪುರದಲ್ಲಿ ಒಂದು ಹಳೆಯ ಅಂಬಾಸಿಡರ್, ಒಂದು ಪ್ರೀಮಿಯರ್ ಪದ್ಮಿನಿ ಕಾರು ಮಾರಾಟಕ್ಕಿವೆ, ನಂದಿ ಬೆಟ್ಟ ಹತ್ತಲು ಯಾವುದು ಮೇಲು ಎಂದು ನೀನು ಕೇಳಿದೆ. ಎಂಜಿನ್ ದೊಡ್ಡದು, ಅಂಬಾಸಿಡರನ್ನೇ ತೆಗೆದುಕೋ ಎಂದು ಭಾವ ತೀರ್ಪು ಕೊಟ್ಟುಬಿಟ್ಟರು. ನಾನು ಒಪ್ಪುವುದಿಲ್ಲ.

ಎಂಜಿನ್ ದೊಡ್ಡದು, ನಿಜವೇ. ಹಳೆಯ ಪೆಟ್ರೋಲ್ ಅಂಬಾಸಿಡರಿನದು 1489 ಸಿಸಿ, ಪದ್ಮಿನಿಯದು 1089. ಆದರೆ ಅಂಬಾಸಿಡರ್ ಸುಮಾರು 200 ಕಿಲೋ ಹೆಚ್ಚು ತೂಗುತ್ತದೆ. ಹೆಚ್ಚಿನ ಶಕ್ತಿಯೆಲ್ಲ ತನ್ನ ಮೈಯನ್ನೇ ಎಳೆಯಲು ಖರ್ಚಾಗಿಬಿಡುತ್ತದೆ. ಇಸುಜು ಎಂಜಿನ್, ಐದು ಗೇರಿನ ತೊಂಬತ್ತರ ದಶಕದ ಅಂಬಾಸಿಡರ್ ಸಿಕ್ಕಿದ್ದರೆ ಮಾತು ಬೇರೆ. ನೀನು ಕಳಿಸಿದ ಫೋಟೋದಲ್ಲಿರುವುದು ಅದಲ್ಲ. ಐದು ಗೇರಿನದಾಗಿದ್ದರೆ ಗೇರ್ ನೆಲದಲ್ಲಿರುತ್ತಿತ್ತು, ಇದರಲ್ಲಿ ಸ್ಟೀರಿಂಗ್ ಪಕ್ಕದಲ್ಲೇ ಇದೆ.

ಬೆಟ್ಟದ ದಾರಿಯಲ್ಲಿ ವೇಗಕ್ಕಿಂತ ತಿರುವೇ ಮುಖ್ಯ. ಅಂಬಾಸಿಡರಿನ ಸ್ಟೀರಿಂಗ್ ರ‍್ಯಾಕ್ ಅಂಡ್ ಪಿನಿಯನ್, ಅಂದರೆ ಹಲ್ಲಿನ ಪಟ್ಟಿಯನ್ನು ಹಲ್ಲಿನ ಗಾಲಿ ನೇರವಾಗಿ ಸರಿಸುವಂಥದ್ದು, ಅದನ್ನು ದೂರುವಂತಿಲ್ಲ. ಆದರೆ ತಿರುಗಿಸಿದೊಡನೆ ಮೈ ಹೊರಕ್ಕೆ ವಾಲುತ್ತದೆ, ಬೆಂಚಿನಂಥ ಸೀಟಿನ ಮೇಲೆ ನೀನೂ ಜಾರುತ್ತೀಯ. ಎರಡೂ ನೆಟ್ಟಗಾಗುವಷ್ಟರಲ್ಲಿ ಮುಂದಿನ ತಿರುವು ಎದುರಿಗೆ ಬಂದಿರುತ್ತದೆ. ಪದ್ಮಿನಿ ಹಗುರ, ಮೂತಿ ಚಿಕ್ಕದು, ಮುಂದಿನ ಚಕ್ರಗಳಿಗೆ ಕಾಯಿಲ್ (ಸುರುಳಿ) ಸ್ಪ್ರಿಂಗ್. ಎರಡನೇ ಗೇರಿನಲ್ಲಿ ತಿರುವಿಗೆ ಬಿಟ್ಟು, ನಡುವೆ ಮೆಲ್ಲಗೆ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ತಳ್ಳಿಕೊಂಡು ಹೋಗುವುದು ಬೆನ್ನಿಗೇ ಗೊತ್ತಾಗುತ್ತದೆ. ಆ ಸುಖ ನನಗೆ ಇಂದಿನ ಯಾವ ಕಾರಿನಲ್ಲೂ ಸಿಕ್ಕಿಲ್ಲ.

ಬ್ರೇಕ್ ವಿಷಯದಲ್ಲಿ ಎರಡನ್ನೂ ನಂಬಬೇಡ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್, ಇಳಿಜಾರಿನಲ್ಲಿ ಬಿಸಿಯಾದರೆ ಹಿಡಿತ ಸಡಿಲವಾಗುತ್ತದೆ. ಹತ್ತಿದ ಗೇರಿನಲ್ಲೇ ಇಳಿ. ಬೇಸಿಗೆಯಲ್ಲಿ ಹತ್ತುವಾಗ ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನೊಳಗೇ ಅದು ಆವಿಯಾಗಿ ಎಂಜಿನ್ ನಿಂತುಹೋದರೆ ಗಾಬರಿಯಾಗಬೇಡ. ಬಾನೆಟ್ ಎತ್ತಿ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾಯಿ.

ಭಾವ, ನಿಮ್ಮ ಅಂಬಾಸಿಡರಿಗೂ ಅದರದೇ ಜಾಗವಿದೆ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಮೂಟೆ ತುಂಬಿಕೊಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹಳ್ಳ ಬಿದ್ದ ರಸ್ತೆಯಲ್ಲಿ ಹೋಗಬೇಕೆಂದರೆ ನಾನೂ ಅದನ್ನೇ ಆರಿಸುತ್ತೇನೆ. ಪುಟ್ಟಿ ಹೋಗುವುದು ಗೆಳತಿಯೊಬ್ಬಳ ಜೊತೆ, ಬೆಟ್ಟಕ್ಕೆ.

ಆದ್ದರಿಂದ ಪದ್ಮಿನಿಯನ್ನೇ ನೋಡು. ಮುಂಗಡ ಕೊಡುವ ಮೊದಲು ಮುಂದಿನ ಚಕ್ರವನ್ನು ಜಾಕ್ ಹಾಕಿ ಎತ್ತಿಸಿ, ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಅಲ್ಲಾಡಿಸು. ಟಕಟಕ ಎಂದರೆ ಕಿಂಗ್ ಪಿನ್, ಅಂದರೆ ಮುಂದಿನ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ, ಸವೆದಿರಬಹುದು, ಬೆಲೆ ಇಳಿಸಲು ಕೇಳು. ಮ್ಯಾಟ್ ಎತ್ತಿ ತಳದ ತಗಡು ತುಕ್ಕು ಹಿಡಿದಿದೆಯೇ ನೋಡು. ತಳ ತೂತಾಗಿದ್ದರೆ ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ, ವಾಪಸು ಬಂದುಬಿಡು.